ನಶ್ಯದ ಡಬ್ಬಿ ಮತ್ತು ಅಮೋನಿಯಾ

ಕಾರ್ಖಾನೆ ತಪಾಸಣೆಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಚಹ ಬರುವುದರೊಳಗೆ ಅವರು ಕೇಳುವ ಪ್ರಶ್ನೆ ಒಂದೇ: “ನಿಮ್ಮ ಕಾಲದಾಗ ಗ್ಯಾಸ್ ಸೋರೂದನ್ನ ಹ್ಯಾಂಗ ಹಿಡೀತಿದ್ರಿ ಸರ್?” ಅವರ ಚೀಲದಲ್ಲಿ ಗ್ಯಾಸ್ ಕಂಡರೆ ಕಿರ್ರೆಂದು ಕೂಗುವ ಪೆಟ್ಟಿಗೆ ಇರುತ್ತದೆ. ನಮ್ಮ ಕಾಲದಲ್ಲಿ ಇದ್ದದ್ದು ಮೂಗು. ಅದೂ ಸರ್ಕಾರ ಕೊಟ್ಟದ್ದಲ್ಲ, ಅವ್ವ ಕೊಟ್ಟದ್ದು.

ನನಗೆ ಯಾವ ವರ್ಷ ಯಾವ ಬಡ್ತಿ ಸಿಕ್ಕಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಬೇಕಾದವರು ಕಚೇರಿಯ ಧೂಳು ಝಾಡಿಸಿ ಓದಿಕೊಳ್ಳಲಿ. ನಾನು ಬರೆಯುವುದು ಒಂದು ಮೂಗಿನ ವಿಷಯ. ಅದರ ಒಡೆಯರು ಈಗಿಲ್ಲ. ಆದ್ದರಿಂದ ಹೇಳಿದರೆ ಯಾರ ಪಿಂಚಣಿಗೂ ಕುತ್ತಿಲ್ಲ.

ನಾನು ಪಾಮನಕಲ್ಲೂರಿನವನು. ಅಪ್ಪ ಮಂದಿಯ ಹೊಲದಲ್ಲಿ ಕುಂಟೆ ಹೊಡೆದವನು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದ ಮೊದಲಿಗ ನಾನೇ, ಬಿ.ಎಸ್ಸಿ. ಮಾಡಿದ ಮೊದಲಿಗನೂ ನಾನೇ. ಇದನ್ನು ಕೇಳದಿದ್ದರೂ ಹೇಳುವುದು ನನ್ನ ಚಾಳಿ. ಈ ವಯಸ್ಸಿನಲ್ಲಿ ಬಿಡುವುದಾಗುವುದಿಲ್ಲ. ಹೈದರಾಬಾದಿನಲ್ಲಿ ಆಮ್ಲವನ್ನು ಉರ್ದುವಿನಲ್ಲಿ ಓದಿ, ಇಂಗ್ಲಿಷಿನಲ್ಲಿ ಬರೆದು, ಕನ್ನಡದಲ್ಲಿ ಕೈ ಸುಟ್ಟುಕೊಂಡವನು ನಾನು. ನಿಜಾಮರ ಆಡಳಿತ ಹೋಗಿ ಒಂದೆರಡು ವರ್ಷವಾಗಿತ್ತು. ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಕಡೆಯ ಕಾರ್ಖಾನೆಗಳನ್ನು ನೋಡಿಕೊಳ್ಳಲು ಸಹಾಯಕ ಬೇಕೆಂದು ನನ್ನನ್ನು ತೆಗೆದುಕೊಂಡರು. ಆದರೆ ಹಂಗಾಮಿ. ಖಾಯಂ ಮಾಡುವುದು, ಮನೆಗೆ ಕಳಿಸುವುದು ಎರಡೂ ನಮ್ಮ ಮೇಲಧಿಕಾರಿ ಹಷ್ಮತ್ ಸಾಹೇಬರ ಒಂದು ಮಾತಿನ ಮೇಲೆ ನಿಂತಿತ್ತು.

ಊರಿಗೆ ಹೋದಾಗಲೆಲ್ಲ ಕಟ್ಟೆಯ ಮೇಲಿನ ಮುದುಕರು ಬಿಡುತ್ತಿರಲಿಲ್ಲ. “ಯಪ್ಪಾ, ಹಂಗಾಮಿ ಸಾಹೇಬ ಅಂದ್ರ ಮಳಿಗಾಲದ ಹಳ್ಳ ಇದ್ದಂಗ. ನೀರಿದ್ದಾಗ ನಮಸ್ಕಾರ ಮಾಡ್ತೀವಿ, ಆಮ್ಯಾಲ ದಾಟಿ ಹೋಕ್ಕೀವಿ.” ಅಪ್ಪ ತಲೆ ತಗ್ಗಿಸಿ ನಗುತ್ತಿದ್ದ. ಆ ನಗು ನೋಡಿದಾಗಲೆಲ್ಲ, ಖಾಯಂ ಆಗದೆ ಈ ಕಟ್ಟೆಯ ಮುಂದೆ ಮತ್ತೆ ಕುಂಟೆ ಹಿಡಿದು ಹಾಯಬಾರದು ಎಂದುಕೊಳ್ಳುತ್ತಿದ್ದೆ.

ಹಷ್ಮತ್ ಸಾಹೇಬರು ಎತ್ತರದ ಆಳು. ಕರಿ ಶೇರವಾನಿ, ಗೋರಂಟಿ ಹಚ್ಚಿದ ಗಡ್ಡ, ಬಲಜೇಬಿನಲ್ಲಿ ಬೆಳ್ಳಿಯ ನಶ್ಯದ ಡಬ್ಬಿ. ಅವರ ನಶ್ಯದ ಖ್ಯಾತಿ ಮೂರೂ ಊರುಗಳಲ್ಲಿ ಹಬ್ಬಿತ್ತು. ನಮ್ಮ ಕಡೆ ಬಂದವರಿಗೆ ಮೊದಲು ನೀರು ಕೊಡುತ್ತಾರೆ. ಕಾರ್ಖಾನೆಯವರು ಸಾಹೇಬರಿಗೆ ಮಾತ್ರ ಮೊದಲು ನಶ್ಯ ಕೊಡುತ್ತಿದ್ದರು. ಯಾಕೆಂದರೆ ನಶ್ಯ ಏರಿಸಿದ ಮೂಗಿಗೆ ಗ್ಯಾಸಿನ ವಾಸನೆ ಹತ್ತುವುದಿಲ್ಲ ಎಂದು ಅವರು ಲೆಕ್ಕ ಹಾಕಿದ್ದರು. ಒಬ್ಬ ಸಾಹುಕಾರನ ಮನೆಯಲ್ಲಿ ಮದ್ರಾಸಿನ ನಶ್ಯ ಸಿಕ್ಕರೆ ಇನ್ನೊಬ್ಬ ಪೇಶಾವರದ್ದು ತರಿಸುತ್ತಿದ್ದ. ಸಾಹೇಬರು ಚಿಟಿಕೆ ಏರಿಸುವರು, ಕಣ್ಣು ಮುಚ್ಚಿ ಒಂದು ಸೀನು ಸೀನುವರು, ಒಳಗೆ ಸುತ್ತು ಹಾಕುವರು. “ಎಲ್ಲಾ ಠೀಕ್ ಐತಿ” ಎನ್ನುವರು. ಹಿಂದೆ ಬರುವ ನನ್ನ ಕಣ್ಣಲ್ಲಿ ಗ್ಯಾಸಿಗೆ ನೀರು ಸುರಿಯುತ್ತಿರುತ್ತಿತ್ತು.

ಮಸ್ಕಿಯ ಸೋಡಾ ಕಾರ್ಖಾನೆಯ ಪ್ರಸಂಗ ಇದಕ್ಕೆ ಸಾಕ್ಷಿ. ಅದು ವೀರಭದ್ರಪ್ಪ ಸಾಹುಕಾರರದು. ಹಣೆ ತುಂಬ ವಿಭೂತಿ, ಬಾಯಿ ತುಂಬ ಸಕ್ಕರೆ. ಲಿಂಗಸುಗೂರಿನಲ್ಲಿ ಮಂಜುಗಡ್ಡೆ ಮಾಡುವ ಬರ್ಫಿನ ಕಾರ್ಖಾನೆಯೂ ಅವರದೇ. ಸೋಡಾಕ್ಕೆ ಬೇಕಾದ ಗ್ಯಾಸು ತಯಾರಿಸಲು ದೊಡ್ಡ ಗಾಜಿನ ಜಾಡಿಗಳಲ್ಲಿ ಗಂಧಕಾಮ್ಲ ಬರುತ್ತಿತ್ತು. ಒಂದು ದಿನ ಜಾಡಿ ಬಿರಿದು ಆಮ್ಲ ಕಲ್ಲುಹಾಸಿನ ಮೇಲೆ ಹರಿಯಿತು. ಆಳುಗಳು ಏನು ಮಾಡಿದರು? ನಮ್ಮ ಮನೆಗಳಲ್ಲಿ ನೆಲದ ಮೇಲೆ ಏನೇ ಬಿದ್ದರೂ ಮಾಡುವುದನ್ನೇ ಮಾಡಿದರು. ಸಗಣಿ ತಂದು ಸಾರಿಸಿದರು. ಸಗಣಿ ಕರ್ರಗಾಗಿ, ಬುಸುಗುಟ್ಟಿ, ಹೊಗೆ ಕಾರತೊಡಗಿತು. ನಾವು ಹೋಗುವ ಹೊತ್ತಿಗೆ ಒಬ್ಬ ಅದಕ್ಕೆ ಕೊಡ ನೀರು ಸುರಿಯಲು ನಿಂತಿದ್ದ.

“ಏ, ನೀರ್ ಹಾಕಬ್ಯಾಡೋ! ಮಾರಿಗೆ ಸಿಡೀತದ!” ಎಂದು ಓಡಿ ಕೊಡ ಕಿತ್ತುಕೊಂಡೆ. ಹಳ್ಳದ ಒಣ ಮರಳು ತರಿಸಿ ಸುತ್ತ ಒಡ್ಡು ಹಾಕಿಸಿದೆ. ಪಕ್ಕದ ಮನೆಯಲ್ಲಿ ಮದುವೆಗೆಂದು ಸುಣ್ಣ ಬಳಿಯುತ್ತಿದ್ದರು; ಅವರ ಸುಣ್ಣದ ಪುಡಿಯನ್ನೆಲ್ಲ ಕೇಳದೇ ಎತ್ತಿಕೊಂಡು ಬಂದು ಸ್ವಲ್ಪಸ್ವಲ್ಪವೇ ಉದುರಿಸಿದೆ. ಮದುಮಗನ ತಾಯಿ ಬಾಗಿಲಲ್ಲಿ ನಿಂತು ನನ್ನ ಬಿ.ಎಸ್ಸಿ.ಯನ್ನು ಏಳು ತಲೆಮಾರಿನವರೆಗೂ ಬೈದಳು.

ಇಷ್ಟೆಲ್ಲ ನಡೆಯುವಾಗ ಹಷ್ಮತ್ ಸಾಹೇಬರು ಎಲ್ಲಿದ್ದರು? ಮುಂದಿನ ಪಡಸಾಲೆಯಲ್ಲಿ ವೀರಭದ್ರಪ್ಪನವರ ಪೇಶಾವರ ನಶ್ಯ ಏರಿಸಿಕೊಂಡು ಆರಾಮಾಗಿ ಒಳಗೆ ಬಂದರು. ಬಂದು ಸರಿಯಾಗಿ ಆಮ್ಲದ ಅಂಚಿನಲ್ಲಿ ನಿಂತರು. ಅವರ ಬೂಟಿನ ತೊಗಲು ಸುಟ್ಟು, ಚಮ್ಮಾರರ ಓಣಿಗೆ ಬೆಂಕಿ ಬಿದ್ದಂಥ ನಾತ ಎದ್ದಿತು. ಆಳುಗಳೆಲ್ಲ ಮೂಗಿಗೆ ಧೋತರದ ಚುಂಗು ಹಿಡಿದರು. ಸಾಹೇಬರು ಮಾತ್ರ, “ಏನ್ ಸಾಹುಕಾರ್, ನಿಮ್ಮ ಸೋಡಾದಾಗ ನಿಂಬಿಹಣ್ಣು ಚಲೋ ಹಾಕ್ತೀರಿ” ಎಂದು ಹರಟುತ್ತಿದ್ದರು. ನಾನೇ ರಟ್ಟೆ ಹಿಡಿದು ಎಳೆದೆ. ನಶ್ಯದ ಮಹಿಮೆ ಎಂದುಕೊಂಡೆ.

ಮುಂದಿನ ಬೇಸಿಗೆ. ರಂಜಾನ್ ತಿಂಗಳು ಸರಿಯಾಗಿ ಸುಡು ಬಿಸಿಲಿನಲ್ಲಿ ಬಂದಿತ್ತು. ಸಾಹೇಬರು ರೋಜಾದ ಉಪವಾಸ ತಪ್ಪಿಸುವವರಲ್ಲ. ಹಗಲೆಲ್ಲ ನೀರಿಲ್ಲ, ಅನ್ನವಿಲ್ಲ, ಮುಖ್ಯವಾಗಿ ನಶ್ಯವಿಲ್ಲ. ನನಗೆ ಹಬ್ಬ ಒಂದು ತಿಂಗಳು ಮುಂಚೆಯೇ ಬಂದಂತಾಯಿತು. ಸಾಹೇಬರ ಮೂಗು ತೆರೆದಿರುವಾಗಲೇ ಲಿಂಗಸುಗೂರಿನ ಬರ್ಫಿನ ಕಾರ್ಖಾನೆಗೆ ಕರೆದುಕೊಂಡು ಹೋಗಬೇಕೆಂದು ಹೊಂಚು ಹಾಕಿದೆ. ಅಲ್ಲಿ ಅಮೋನಿಯಾ ಸೋರುತ್ತಿದೆ ಎಂದು ನನಗೆ ಬಹಳ ದಿನದ ಗುಮಾನಿ. ಬರ್ಫು ಮಾಡುವ ಯಂತ್ರದ ಕೊಳವೆಗಳಲ್ಲಿ ಓಡುವುದು ಅದೇ. ಸ್ವಲ್ಪ ಸೋರಿದರೆ ಮೂತ್ರದ ನಾತ, ಹೆಚ್ಚು ಸೋರಿದರೆ ಉಸಿರೇ ನಿಲ್ಲುತ್ತದೆ. ಸಾಯಂಕಾಲ ರೋಜಾ ಬಿಡುವ ಹೊತ್ತಿಗೆ ಶರಬತ್ತಿಗಾಗಿ ಬರ್ಫು ಒಯ್ಯಲು ಅರ್ಧ ಊರೇ ಆ ಕಾರ್ಖಾನೆಯ ಬಾಗಿಲಲ್ಲಿ ನಿಲ್ಲುತ್ತಿತ್ತು. ಯಂತ್ರದ ಮಿಸ್ತ್ರಿ ಮೌಲಾಲಿಯ ಹೆಂಡತಿ ಮಕ್ಕಳು ಯಂತ್ರದ ಗೋಡೆಗೇ ಹೊಂದಿಕೊಂಡ ಕೋಣೆಯಲ್ಲಿದ್ದರು.

ಮಧ್ಯಾಹ್ನ ಇಳಿದ ಮೇಲೆ ಹೋದೆವು. ಒಳಗೆ ಕಾಲಿಟ್ಟ ಕೂಡಲೇ ನನ್ನ ಮೂಗಿಗೆ ನಾತ ರಪ್ಪನೆ ಹೊಡೆಯಿತು. ಸಾಹೇಬರು ನೆಟ್ಟಗೆ ಯಂತ್ರದ ಹತ್ತಿರ ಹೋಗಿ, ಕೊಳವೆಗಳ ನಡುವೆ ಗಡ್ಡ ತೂರಿಸಿ, ಉದ್ದಕ್ಕೆ ಉಸಿರೆಳೆದರು. ಕಣ್ಣು ಕೆಂಪಾಗಿ ಎರಡು ಹನಿ ಗಡ್ಡದ ಮೇಲೆ ಉದುರಿದವು.

“ವಾಸ್ನಿ ಇಲ್ಲ” ಎಂದರು.

“ನೋಡ್ರೀ ತಮ್ಮಾರ!” ವೀರಭದ್ರಪ್ಪನವರು ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. “ಸಾಹೇಬ್ರು ಇವತ್ತ ನಶ್ಯಾನೂ ಏರ್ಸಿಲ್ಲ. ಆದ್ರೂ ವಾಸ್ನಿ ಇಲ್ಲಂತ! ನಿಮ್ಮ ಬಿ.ಎಸ್ಸಿ. ಮೂಗಿಗೆ ಏನ್ ಹತ್ತೇತ್ರಿ, ತೊಳಕೋರಿ.”

ನಾನು ಸಾಹೇಬರ ಮುಖ ನೋಡಿದೆ. ಕಣ್ಣು ಅಳುತ್ತಿದೆ, ಮೂಗು ಇಲ್ಲವೆನ್ನುತ್ತಿದೆ. ಮಸ್ಕಿಯ ಬೂಟು ನೆನಪಾಯಿತು. ನಶ್ಯದ ತಪ್ಪೇನೂ ಇರಲಿಲ್ಲ. ಈ ಮನುಷ್ಯನಿಗೆ ಮೂಗೇ ಇಲ್ಲ! ಗ್ಯಾಸು ಹುಡುಕುವ ಇಲಾಖೆಯ ದೊಡ್ಡ ಸಾಹೇಬರಿಗೆ!

ಈಗ ನನ್ನ ಪಾಡು ನೋಡಿ. ಎಲ್ಲರೆದುರು “ನಾತ ಐತಿ” ಎಂದರೆ ಸಾಹೇಬರ ಬಣ್ಣ ಬಯಲು, ನನ್ನ ಖಾಯಂ ಮಾತು ಅಲ್ಲಿಗೇ ಮುಗಿಯಿತು. ಸುಮ್ಮನಿದ್ದರೆ ಬಾಗಿಲಲ್ಲಿ ತಪ್ಪಲೆ ಹಿಡಿದು ನಿಂತ ಮಂದಿ, ಗೋಡೆಯ ಆಚೆ ಮೌಲಾಲಿಯ ಮಕ್ಕಳು. ಕಟ್ಟೆಯ ಮುದುಕರೂ ನೆನಪಾದರು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ದೇವರೇ ಕಳಿಸಿದಂತೆ ಫಕೀರ ಬಂದ. ಅವತ್ತು ಗುರುವಾರ. ನಮ್ಮ ಕಡೆ ಗುರುವಾರ ಫಕೀರರು ಕೆಂಡದ ಬಟ್ಟಲಲ್ಲಿ ಲೋಬಾನದ ಧೂಪ ಹಾಕಿಕೊಂಡು ಅಂಗಡಿ ಅಂಗಡಿಗೆ ಹೊಗೆ ತೋರಿಸುತ್ತಾರೆ. ಅಂಗಡಿ ಲಿಂಗವಂತರದೋ ಮುಸಲ್ಮಾನರದೋ ಎಂಬ ಭೇದವಿಲ್ಲ. ಹೊಗೆ ಎಲ್ಲರಿಗೂ ಒಂದೇ. ವೀರಭದ್ರಪ್ಪನವರು ಬಾರಪ್ಪಾ ಎಂದು ಕರೆದರು. ನನ್ನ ಚೀಲದಲ್ಲಿ ಸೋರಿಕೆಯ ಪರೀಕ್ಷೆಗೆಂದು ತಂದ ಗಂಧಕದ ಹಳದಿ ಹೆಂಟೆಗಳಿದ್ದವು. ಗಂಧಕದ ಹೊಗೆಗೆ ಅಮೋನಿಯಾ ತಾಗಿದರೆ ಅಲ್ಲಿ ಹಾಲಿನಂಥ ಬಿಳಿ ಮೋಡ ಏಳುತ್ತದೆ ಎಂದು ಹೈದರಾಬಾದಿನಲ್ಲಿ ಉರ್ದುವಿನಲ್ಲಿ ಓದಿದ್ದೆ. ಬಟ್ಟಲಿಗೆ ಕೈ ಮುಗಿಯುವ ನೆಪದಲ್ಲಿ ಬಾಗಿ, ಒಂದು ಹೆಂಟೆ ಕೆಂಡಕ್ಕೆ ಜಾರಿಸಿದೆ.

ಫಕೀರ ನಾಲ್ಕು ಹೆಜ್ಜೆ ಹೋಗಿ ಕೆಮ್ಮಿದ. “ಯಾ ಅಲ್ಲಾ! ಈ ಲೋಬಾನದಾಗ ಶೈತಾನ ಹೊಕ್ಕಾನೇನು!”

“ಯಂತ್ರದ ಸುತ್ತ ಒಂದ್ ಸುತ್ತು ಹಾಕ್ರಿ ಬಾಬಾ, ಶೈತಾನ ಹೊರಗ ಬರ್ತಾನ” ಎಂದೆ.

ಬಂದೇಬಿಟ್ಟ. ಹೊಗೆ ದೊಡ್ಡ ವಾಲ್ವಿನ ಕುತ್ತಿಗೆಯ ಹತ್ತಿರ ಹೋದದ್ದೇ ತಡ, ಅಲ್ಲಿಂದ ಬೆಳ್ಳನೆಯ ದಟ್ಟ ಮೋಡ ಬುಗ್ಗೆಯಾಗಿ ಎದ್ದಿತು. ಫಕೀರ ಬಟ್ಟಲನ್ನು ಅಲ್ಲೇ ಇಟ್ಟು ಓಡಿದ. ವೀರಭದ್ರಪ್ಪನವರು ಲಿಂಗ ಹಿಡಿದುಕೊಂಡು ಕಣ್ಣು ಮುಚ್ಚಿದರು. ಹಷ್ಮತ್ ಸಾಹೇಬರಿಗೆ ಮೂಗಿರಲಿಲ್ಲ, ಆದರೆ ಕಣ್ಣಿತ್ತು, ಬುದ್ಧಿಯೂ ಇತ್ತು. ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಗುಡುಗಿದರು: “ಬಂದ್ ಕರೋ! ಮೌಲಾಲಿ, ಯಂತ್ರ ನಿಂದ್ರಸು! ಸಾಹುಕಾರ್, ನಾ ಇಷ್ಟೊತ್ತು ಸುಮ್ಮನಿದ್ದು ನೋಡಿದೆ. ನೀವs ಒಪ್ಪಿಕೋತೀರೇನು ಅಂತ!”

ಯಂತ್ರ ನಿಂತಿತು. ಮೊದಲು ಕೆಂಡವನ್ನು ಹೊರಗೆ ಒಯ್ದೆವು. ವಾಲ್ವಿಗೆ ತೊಯ್ದ ಗೋಣಿಚೀಲ ಸುತ್ತಿ ನೀರು ಸುರಿದೆವು. ಅಮೋನಿಯಾ ನೀರಿನಲ್ಲಿ ಕರಗಿ ಸೋಲುತ್ತದೆ. ಮತ್ತು ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. “ಬಗ್ಗರಿ, ಎಲ್ಲಾರೂ ಬಗ್ಗರಿ! ನೀರ್ ಹಾಕರಿ!” ಎಂದು ನಾನು ಕೂಗುತ್ತಿದ್ದೆ. ಮೌಲಾಲಿ ಪಾನಾ ಹಚ್ಚಿ ವಾಲ್ವಿನ ಕುತ್ತಿಗೆ ಬಿಚ್ಚಿದರೆ, ಒಳಗಿನ ಪ್ಯಾಕಿಂಗು ಕೊಳೆತ ಹಗ್ಗದ ಹಾಗೆ ಕೈಯಲ್ಲಿ ಉದುರಿತು. ಅವನು ಅದನ್ನು ನೋಡಿದ, ಗೋಡೆಯ ಕಡೆ ನೋಡಿದ. ಅವತ್ತೇ ಅವನ ಸಂಸಾರ ರಸ್ತೆಯಾಚೆಯ ಮನೆಗೆ ಹೋಯಿತು. ನೀರಿನ ತೊಟ್ಟಿಯಲ್ಲಿ ಹೆಪ್ಪುಗಟ್ಟಿದ್ದ ಬರ್ಫು ಸಾಯಂಕಾಲಕ್ಕೆ ಸಾಕಾಯಿತು. ಯಾರ ಶರಬತ್ತೂ ತಪ್ಪಲಿಲ್ಲ.

ಹೊತ್ತು ಮುಳುಗಿತು. ಸಾಹೇಬರು ಬೇವಿನ ಗಿಡದ ಬುಡದಲ್ಲಿ ಖರ್ಜೂರ ತಿಂದು, ಬರ್ಫಿನ ನೀರು ಕುಡಿದು, ನನ್ನನ್ನು ಕರೆದರು.

“ಲೋಬಾನದಾಗ ಏನ್ ಹಾಕಿದ್ದಿ?”

“ಗಂಧಕ, ಸಾಹೇಬ್.”

“ವಾಸ್ನಿ ಹ್ಯಾಂಗಿತ್ತು?”

ಬಹಳ ವರ್ಷದ ಹಿಂದೆ ಬಿಟ್ಟ ಊರಿನ ಸುದ್ದಿ ಕೇಳುವವರ ದನಿಯಲ್ಲಿ ಕೇಳಿದರು. ನನ್ನ ಉತ್ತರಕ್ಕೆ ಕಾಯದೆ ಅವರೇ ಹೇಳಿದರು. ಹರೆಯದಲ್ಲಿ ಒಂದು ಬಟ್ಟೆ ಗಿರಣಿಯಲ್ಲಿ ಕ್ಲೋರಿನ್ ಗ್ಯಾಸು ಕುಡಿದು ಜೀವ ಉಳಿಯಿತಂತೆ, ಮೂಗು ಹೋಯಿತಂತೆ. “ನಶ್ಯ ಏರಿಸಿದ್ರ ಮಂದಿ ನಶ್ಯದ್ದs ತಪ್ಪು ಅಂತಾರ, ಮೂಗಿಂದು ಅನ್ನೂದಿಲ್ಲ. ಮನ್ಯಾಗ ಬೀಬಿ ಬಿರ್ಯಾನಿ ಮಾಡಿದ್ರೂ ಅಷ್ಟs, ಹೊತ್ತಿಸಿದ್ರೂ ಅಷ್ಟs. ಅದಕ್ಕs ನಮ್ಮ ಸಂಸಾರ ಚಲೋ ನಡದದ” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಕಚೇರಿಗೆ ಗೊತ್ತಾದ್ರ ಪಿಂಚಣಿ ಬರೂಕಿಂತ ಮೊದಲs ಮನೀಗೆ ಕಳಸ್ತಾರ ಬೇಟಾ” ಎಂದರು.

“ನಾ ಹೇಳೂದಿಲ್ಲ ಸಾಹೇಬ್. ಆದ್ರ ನಾ ಸೋರ್ತದ ಅಂದಲ್ಲಿ ನೀವು ಬಂದ್ ಅನ್ನಬೇಕು.”

ಒಪ್ಪಂದವಾಯಿತು. ನನಗೆ ನಾತ ಹತ್ತಿದರೆ ಎರಡು ಸಲ ಕೆಮ್ಮಬೇಕು. ಸಾಹೇಬರು ಕೂಡಲೇ ಬಂದ್ ಕರೋ ಎನ್ನಬೇಕು. ನನ್ನ ಎದೆ ಉಬ್ಬಿತು. ಇದೇ ಸಮಯವೆಂದು ಕೇಳಿಯೂಬಿಟ್ಟೆ: “ನನ್ನ ಖಾಯಂ ವಿಷಯ, ಸಾಹೇಬ್?”

“ಅರೆ! ಖಾಯಂ ಮಾಡಿದ್ರ ನಿನ್ನ ಬೇರೆ ಜಿಲ್ಲಾಕ್ಕ ವರ್ಗಾ ಮಾಡ್ತಾರ. ನನ್ನ ಮೂಗು ವರ್ಗಾ ಆಗಿ ಹೋದ್ರ ನಾ ಏನ್ ಮಾಡ್ಲಿ? ಹಂಗಾಮಿ ಇರು, ಆರಾಮ ಇರು.”

ಚಲೋ ಕೆಲಸ ಮಾಡಿದರೆ ಖಾಯಂ ಆಗುತ್ತದೆ ಎಂದು ನಂಬಿದ್ದವನು ನಾನು. ಚಲೋ ಕೆಲಸ ಮಾಡಿದ್ದರಿಂದಲೇ ಆಗದೆ ಹೋಯಿತು. ಕೆಲಸಕ್ಕೆ ಸೇರುವ ಹುಡುಗರೇ, ಇದನ್ನು ಗುರುತಿಟ್ಟುಕೊಳ್ಳಿ.

ನಾವಿಬ್ಬರೂ ಕೂಡಿ ಮುಂದೆ ಎಷ್ಟೋ ಸೋರಿಕೆ ಹಿಡಿದೆವು. ಸಾಹೇಬರ ಮೂಗಿನ ಕೀರ್ತಿ ಏರಿತು. ಇತ್ತ ಮೌಲಾಲಿ ತನ್ನ ಕಾರ್ಖಾನೆಯ ಕಥೆಯನ್ನು ಸಂತೆ ಸಂತೆಗೆ ಹಂಚಿದ. ಹೋದಲ್ಲೆಲ್ಲ ಒಂದೇ ಪಾಠ: “ಗ್ಯಾಸ್ ಬಂತಂದ್ರ ತೆಗ್ಗಿನ್ಯಾಗ ಕುಂದ್ರರಿ, ನೀರ್ ಹಾಕರಿ. ಬಿ.ಎಸ್ಸಿ. ಸಾಹೇಬ್ರs ಹೇಳ್ಯಾರ!” ನನ್ನ ಹೆಸರಿನಲ್ಲಿ ಮಾತು ಹಬ್ಬುವುದು ಕೇಳಿ ನನಗೂ ಹಿತವಾಗಿತ್ತು. ಅದು ಅಮೋನಿಯಾಕ್ಕೆ ಮಾತ್ರ ಎಂದು ಯಾರೂ ಹೇಳುತ್ತಿರಲಿಲ್ಲ.

ಆಗ ಸಿಂಧನೂರಿನ ಕಡೆ ಕಾಲುವೆಯ ಕೆಲಸ ಜೋರಾಗಿ ನಡೆದಿತ್ತು. ಬಳಗಾನೂರಿನ ದಾರಿಯಲ್ಲಿ ಕೆಲಸಗಾರರ ದೊಡ್ಡ ಕ್ಯಾಂಪು. ಕಾಲರಾ ಬರಬಾರದೆಂದು ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸಲು ಹೊಸ ಸಿಲಿಂಡರು ಬಂದಿತ್ತು. ಅದನ್ನು ನೋಡಿ ಬರಲು ನಮಗೆ ಹುಕುಂ. ಚಳಿಗಾಲದ ಧೂಳು. ಹಿಂದಿನ ದಿನದಿಂದಲೇ ನನಗೆ ನೆಗಡಿ ಹಿಡಿದು ಮೂಗು ಗೋಡೆ ಕಟ್ಟಿದಂತೆ ಮುಚ್ಚಿತ್ತು. ಸಾಹೇಬರಿಗೆ ಹೇಳಲಿಲ್ಲ. ಮೂಗು ಕೆಟ್ಟ ಹಂಗಾಮಿಯನ್ನು ಯಾರು ಇಟ್ಟುಕೊಳ್ಳುತ್ತಾರೆ?

ಕ್ಯಾಂಪಿನ ಬಾಗಿಲಲ್ಲೇ ಸಿಮೆಂಟಿನ ಗೋದಾಮು. ನನಗೆ ಕೆಮ್ಮು ಬಂತು. ಖೊಕ್, ಖೊಕ್.

“ಬಂದ್ ಕರೋ!” ಸಾಹೇಬರು ಕೋಲೆತ್ತಿದರು.

“ಅಲ್ಲ ಸಾಹೇಬ್, ಇದು…” ಎನ್ನುವಷ್ಟರಲ್ಲಿ ಮತ್ತೆ ಎರಡು. ಕಮ್ಮಾರನ ಕುಲುಮೆ ಬಂದ್. ಮುಂದೆ ಅಡಿಗೆಯ ಛಪ್ಪರ. ತಡೆದುಕೊಂಡೆ, ತಡೆದುಕೊಂಡೆ, ಆಗಲಿಲ್ಲ. ಖೊಕ್, ಖೊಕ್.

“ಒಲಿ ಆರಸ್ರಿ! ಎಲ್ಲಾ ಹೊರಗ ಹೋಗ್ರಿ!”

ಅಡಿಗೆಯ ಶಿವಮ್ಮ ಸೌಟು ಹಿಡಿದು ಎದುರಿಗೇ ನಿಂತಳು. “ಯಾಕ್ರೀ ಸಾಹೇಬ್ರ? ಇದು ಬ್ಯಾಳಿಗೆ ಒಗ್ಗರಣಿ ಕೊಟ್ಟ ವಾಸ್ನಿರೀ! ಬಳ್ಳೊಳ್ಳಿ ವಾಸ್ನಿಗೂ ಕಾಯದೆ ಬಂದೈತೇನ್ರಿ?”

ಆದರೆ ಹೊತ್ತು ಮೀರಿತ್ತು. ಮೂರು ಕಡೆ ಗ್ಯಾಸು ಸೋರಿದೆಯೆಂದು ಕ್ಯಾಂಪಿನ ತುಂಬ ಹುಯಿಲೆದ್ದಿತು. ಮಂದಿಗೆ ಮೌಲಾಲಿಯ ಪಾಠ ಬಾಯಿಪಾಠ. ಗಂಡಸರು, ಹೆಂಗಸರು, ಕೂಸುಗಳೆಲ್ಲ ಇನ್ನೂ ನೀರು ಬಿಡದ ಒಣ ಕಾಲುವೆಗೆ ಇಳಿದು, ತಲೆಯ ಮೇಲೆ ಟವಲು ಹಾಕಿಕೊಂಡು ಕುಕ್ಕರಗಾಲಲ್ಲಿ ಕುಳಿತುಬಿಟ್ಟರು. ಕೆಲವು ಹುರುಪಿನವರು ಏರಿಯ ಮೇಲಿನ ಶೆಡ್ಡಿಗೆ ನುಗ್ಗಿ, ಕ್ಲೋರಿನ್ ಸಿಲಿಂಡರಿಗೆ ತೊಯ್ದ ಗೋಣಿಚೀಲ ಹೊದಿಸಿ ಕೊಡಗಟ್ಟಲೆ ನೀರು ಸುರಿಯತೊಡಗಿದರು.

ನಾನು ಏರಿ ಹತ್ತಿ ನೋಡಿದೆ. ಶೆಡ್ಡಿನಿಂದ ಕಾಲುವೆಯ ಕಡೆ ಇಳಿಜಾರಿನ ಹುಲ್ಲು ಒಂದು ಪಟ್ಟಿಯ ಹಾಗೆ ಬೆಳ್ಳಗೆ ಬಣ್ಣಗೆಟ್ಟಿತ್ತು. ಸಿಲಿಂಡರು ನಿಜವಾಗಿಯೂ ಸೋರುತ್ತಿತ್ತು! ಕ್ಲೋರಿನ್ನು ಅಮೋನಿಯಾಕ್ಕೆ ಪೂರಾ ಉಲ್ಟಾ. ಗಾಳಿಗಿಂತ ಭಾರ, ತಗ್ಗಿಗೆ ಹರಿಯುತ್ತದೆ. ಸೋರುವ ಸಿಲಿಂಡರಿಗೆ ನೀರು ಹಾಕಿದರೆ ಆಮ್ಲವಾಗಿ ಕಬ್ಬಿಣವನ್ನೇ ತಿಂದು ತೂತು ದೊಡ್ಡದು ಮಾಡುತ್ತದೆ. ಇಡೀ ಕ್ಯಾಂಪು ಅದು ಹರಿದು ಬರುವ ಜಾಗದಲ್ಲೇ, ನನ್ನ ಹೆಸರು ಹೇಳಿ, ಕುಳಿತಿತ್ತು. ಕೆಳಗೆ ಆಗಲೇ ಒಬ್ಬಿಬ್ಬರು ಕೆಮ್ಮುತ್ತಿದ್ದರು.

“ಸಾಹೇಬ್, ಮಂದೀನ್ನ ಮ್ಯಾಲ ಹತ್ತಸ್ರಿ! ಗಾಳಿ ಬರೂ ಕಡೆ ಏರಿ ಮ್ಯಾಲ!”

“ಇಲ್ಲಿ ನೀ ಕೆಮ್ಮಲೇ ಇಲ್ಲಲ್ಲ?”

“ನನಗ ನೆಗಡಿ ಆಗೇದ್ರಿ! ಮೂಗು ಬಂದ್ ಆಗೇದ!”

ಸಾಹೇಬರು ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ. ತಪಾಸಣೆಗೆ ಬಂದವರು ಇಬ್ಬರು, ಇಬ್ಬರ ನಡುವೆ ಕೆಲಸಕ್ಕೆ ಬರುವ ಒಂದು ಮೂಗೂ ಇಲ್ಲ. ಆದರೆ ಆ ಮನುಷ್ಯ ಹಿಂದೆ ಮುಂದೆ ನೋಡಲಿಲ್ಲ. ಶೇರವಾನಿ ಎತ್ತಿ ಕಟ್ಟಿ ಕಾಲುವೆಗೆ ಧುಮುಕಿದರು. ಆ ಗ್ಯಾಸು ಏನೆಂದು ಅವರಷ್ಟು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. “ಉಠೋ! ಏಳ್ರೀ! ಮ್ಯಾಲ ಹತ್ರೀ!” ಎಂದು ಕೂಗುತ್ತ, ಏಳದವರ ರಟ್ಟೆ ಹಿಡಿದು ಎಳೆದರು. ಶಿವಮ್ಮ ಸೌಟಿನಿಂದಲೇ ಮಂದಿಯನ್ನು ಏರಿಗೆ ಅಟ್ಟಿದಳು.

ನಾನು ನೀರು ಹಾಕುವವರನ್ನು ಹೊರಗೆ ದಬ್ಬಿ, ಗೋಣಿಚೀಲ ಕಿತ್ತೆಸೆದೆ. ಸೋರುವುದು ಎಲ್ಲಿಂದ? ಮೂಗು ಹೇಳುವುದಿಲ್ಲ. ಚೀಲದಲ್ಲಿ ಮೌಲಾಲಿ ತುಂಬಿಕೊಟ್ಟ ಅಮೋನಿಯಾ ನೀರಿನ ಬಾಟಲಿ ಇತ್ತು. ಅದರ ಆವಿ ಕ್ಲೋರಿನ್ನಿಗೆ ತಾಗಿದರೂ ಬಿಳಿ ಮೋಡವೇ ಏಳುತ್ತದೆ. ಬಟ್ಟೆಯ ಚೂರೊಂದನ್ನು ಅದರಲ್ಲಿ ಅದ್ದಿ, ಕೋಲಿಗೆ ಸಿಕ್ಕಿಸಿ, ಗಾಳಿಗೆ ಬೆನ್ನು ಮಾಡಿ ನಿಂತು ಸಿಲಿಂಡರಿನ ಉದ್ದಕ್ಕೂ ಆಡಿಸಿದೆ. ಮೇಲಿನ ವಾಲ್ವಿನ ನಟ್ಟಿನ ಹತ್ತಿರ ಬೆಳ್ಳನೆಯ ಮೋಡ ಬುಸ್ಸೆಂದಿತು. ಲೋಬಾನದ ಶೈತಾನ ಇಲ್ಲಿಗೂ ಬಂದಿದ್ದ. ಉಸಿರು ಬಿಗಿಹಿಡಿದು ಪಾನಾ ಹಾಕಿ ತಿರುವಿದೆ, ಹೊರಗೆ ಓಡಿ ಉಸಿರು ತೆಗೆದುಕೊಂಡೆ, ಮತ್ತೆ ಹೋಗಿ ತಿರುವಿದೆ. (ಹುಡುಗರೇ, ಇದನ್ನು ನೀವು ಮಾಡಬೇಡಿ. ನಿಮಗೆ ಮುಖವಾಡ ಕೊಡುತ್ತಾರೆ, ಹಾಕಿಕೊಳ್ಳಿ.) ಮತ್ತೆ ಬಟ್ಟೆ ಆಡಿಸಿದಾಗ ಮೋಡ ಏಳಲಿಲ್ಲ.

ಕೆಲವರು ಅವತ್ತೆಲ್ಲ ಕೆಮ್ಮಿದರು, ಕಣ್ಣು ತೊಳೆದುಕೊಂಡರು. ಜೀವಕ್ಕೆ ಯಾರಿಗೂ ಏನೂ ಆಗಲಿಲ್ಲ. ಕ್ಯಾಂಪಿನ ದೊಡ್ಡ ಎಂಜಿನಿಯರು ಓಡಿ ಬಂದು, “ಯಾರ ಮೂಗು ಇದನ್ನ ಹಿಡೀತು?” ಎಂದು ಕೇಳಿದರು.

ಸಾಹೇಬರು ಗಡ್ಡದ ಮಣ್ಣು ಝಾಡಿಸಿಕೊಂಡು, ಗಂಭೀರವಾಗಿ, “ನಮ್ಮ ಇಲಾಖೆಯೊಳಗ ಮೂಗು ನಂಬೂದಿಲ್ರಿ” ಎಂದರು.

ಆಮೇಲೆ ಅದನ್ನೇ ನಮ್ಮ ಕಚೇರಿಯ ಖಾಯಂ ಸೂಚನೆ ಮಾಡಿದರು: ಸೋರಿಕೆಯನ್ನು ಮೂಗಿನಿಂದ ನಿರ್ಧರಿಸಬಾರದು. ಈಗಿನ ಹುಡುಗರು ಇಂಥ ಮಾತು ಓದಿ ಯಾವನೋ ದೊಡ್ಡ ವಿಜ್ಞಾನಿ ಹೇಳಿರಬೇಕು ಎನ್ನುತ್ತಾರೆ. ನಮ್ಮಲ್ಲಿ ಹೇಳಿದವರು ಇಬ್ಬರು. ಒಬ್ಬರಿಗೆ ಮೂಗಿರಲಿಲ್ಲ, ಇನ್ನೊಬ್ಬನಿಗೆ ನೆಗಡಿ.

ಸಾಯಂಕಾಲ ಏರಿಯ ಮೇಲೆ ಕುಳಿತು ಶಿವಮ್ಮ ಮತ್ತೆ ಬಿಸಿ ಮಾಡಿಕೊಟ್ಟ ಬೇಳೆಯನ್ನೇ ಉಣ್ಣುತ್ತಿದ್ದೆವು. ಸಾಹೇಬರು ನನ್ನ ಕೋಲಿನ ತುದಿಯ ಬಟ್ಟೆಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಈ ಬಾಟ್ಲಿ ನೀರು ಎಲ್ಲಿ ಸಿಗ್ತದ?”

“ಮೌಲಾಲಿ ಹತ್ರ. ಎಷ್ಟ್ ಬೇಕಂದ್ರ ಅಷ್ಟು.”

“ಅಮೋನಿಯಾ ಸೋರಿದ್ರ ಗಂಧಕ, ಕ್ಲೋರಿನ್ ಸೋರಿದ್ರ ಇದು. ಹೌದಲ್ಲ?”

“ಹೌದ್ರಿ.”

“ಇದಕ್ಕ ನೆಗಡಿ ಆಗ್ತದೇನು?”

“ಇಲ್ರಿ.”

“ವರ್ಗಾ ಆಗ್ತದೇನು?”

“ಇಲ್ಲ, ಸಾಹೇಬ್.”

ಸಾಹೇಬರು ಬೆಳ್ಳಿಯ ಡಬ್ಬಿ ತೆಗೆದು, ಏನೂ ಗೊತ್ತಾಗದ ಆ ಮೂಗಿಗೆ ನಿಧಾನವಾಗಿ ಒಂದು ಚಿಟಿಕೆ ಏರಿಸಿ, ಸುಖವಾಗಿ ಸೀನಿದರು.

“ಹಂಗಾದ್ರ ನೀ ನನಗ ಇನ್ನ ಯಾಕ ಬೇಕು? ಹೋಗು, ಖಾಯಂ ಆಗಿ ಹಾಳಾಗಿ ಹೋಗು.”